ವರ್ಷತೊಡಕಿಗೆ ಬಂದ ಡೀಟೂ ಮಚ್ಚು

ನಮ್ಮನೇಲಿ ಬೆಳಗ್ಗೆ ಎದ್ದು ದೇವರ ಹೆಸರು ಕೇಳ್ತೀರೋ ಇಲ್ವೋ, ಡೀಟೂ ಹೆಸರು ಮಾತ್ರ ಕೇಳೇ ಕೇಳ್ತೀರಿ. ಡೀಟೂ ಅಂದ್ರೆ ದೇವರಲ್ಲ, ದೆವ್ವಾನೂ ಅಲ್ಲ. ಉಕ್ಕು ಕಣ್ರೀ, ಬರೀ ಉಕ್ಕು. ನಮ್ಮೆಜಮಾನ್ರು ದೇವೇಂದ್ರ ಹಾಸನದಾಗೆ ಒಂದು ಸಣ್ಣ ಕಾರ್ಖಾನೇಲಿ ಅಚ್ಚು ಮಾಡೋ ಕೆಲಸದಲ್ಲವ್ರೆ. ತಗಡಿನ ಹಾಳೆ ಇಟ್ಟು ದಡ್ ಅಂತ ಒತ್ತಿದ್ರೆ ಕೆಳಗೆ ತಟ್ಟೆ ಬೀಳ್ತೈತಲ್ಲ, ಆ ಅಚ್ಚು. ಅದಕ್ಕೆ ಹಾಕೋ ಉಕ್ಕಿನ ಹೆಸರು ಡೀಟೂ. ಲಕ್ಷಗಟ್ಟಲೆ ತಟ್ಟೆ ಒತ್ತಿದ್ರೂ ಸವೆಯಲ್ವಂತೆ. ಇವರಿಗೆ ಕಾಫಿ ಕಾಸಿ ಕಾಸಿ ನಾನು ಸವೆದು ಹೋಗಿದ್ದೀನಿ, ಅದರ ಬಗ್ಗೆ ಯಾವತ್ತೂ ಒಂದು ಮಾತಿಲ್ಲ.

ಮೊದಲು ನಂಗೆ ತರಕಾರಿ ಹೆಚ್ಚೋಕೆ ಒಂದು ಚಾಕು ಮಾಡ್ಕೊಟ್ರು. ಕಾರ್ಖಾನೇಲಿ ಉಳಿದ ತುಂಡನ್ನ ಉಜ್ಜಿ, ಅಲ್ಲೇ ಅಚ್ಚುಗಳ ಜೊತೆ ಕುಲುಮೇಲಿ ಕಾಯಿಸಿದ್ದು. ಬೇರೆ ಉಕ್ಕನ್ನೆಲ್ಲ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಬೇಕಂತೆ, ಇದು ಮಹಾರಾಜರು, ಗಾಳಿಗೆ ಇಟ್ಟರೆ ತಾನೇ ಗಟ್ಟಿಯಾಗ್ತೈತಂತೆ. ಸುಳ್ಳ್ಯಾಕೆ ಹೇಳ್ಲಿ, ಮೊದಲ ದಿನ ಟೊಮೊಟೊ ಹೆಚ್ಚಿದಾಗ ನಾನೇ ಬೆರಗಾಗೋದೆ. ಸಿಪ್ಪೆಗೆ ಗೊತ್ತಾಗ್ದಂಗೆ ಕುಯ್ಯೋದು. ಉಗಾದಿಗೆ ಕೊಟ್ಟಿದ್ದು ದಸರಾ ಬಂದ್ರೂ ಮಸೆಯೋ ಮಾತೇ ಇರಲಿಲ್ಲ. ಆಮೇಲೆ ಮೊಂಡಾಯ್ತು. ಅಲ್ಲಿಂದ ಶುರುವಾಯ್ತು ನೋಡಿ ಡೀಟೂ ಮಹಿಮೆ! ಬಾಗಿಲ ಮೆಟ್ಟಿಲಿಗೆ ಉಜ್ಜಿದೆ, ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜಿದೆ, ತೋಳು ಬಿದ್ದೋಗೋದು ಒಂದು ಬಾಕಿ. ಕಲ್ಲು ಸವೀತೇ ಹೊರತು ಚಾಕು ಸವೀಲಿಲ್ಲ.

"ಅದಕ್ಕೆ ವಜ್ರದ ಪುಡಿ ಹಾಕಿರೋ ಸಾಣೆ ಬೇಕು ಕಣೆ" ಅಂದ್ರು.

ನನ್ನ ಮೂಗುಬೊಟ್ಟಿಗೇ ವಜ್ರ ಕಂಡಿಲ್ಲ, ಚಾಕು ಮಸೆಯೋಕೆ ವಜ್ರವಂತೆ.

ಇನ್ನೊಂದಿನ ಮಾವಿನಕಾಯಿ ಹೆಚ್ಚಿ, ತೊಳೀದೆ ಹಂಗೇ ಇಟ್ಟು ಪಕ್ಕದ ಮನೆಗೆ ಹೋಗಿ ಬಂದೆ. ಬರೋ ಹೊತ್ತಿಗೆ ಮೈಯೆಲ್ಲ ಕಂದು ಚುಕ್ಕೆ. "ತುಕ್ಕು ಹಿಡಿದೈತೆ ನೋಡ್ರೀ" ಅಂದೆ. "ತುಕ್ಕಲ್ಲ, ಕಲೆ" ಅಂದ್ರು. "ಇದ್ರಲ್ಲಿ ಕ್ರೋಮಿಯಂ ಬೇಕಾದಷ್ಟೈತೆ. ಇನ್ನೊಂಚೂರು ಇದ್ದಿದ್ರೆ ಸ್ಟೇನ್‌ಲೆಸ್ಸೇ ಆಗ್ತಿತ್ತು." ಹೌದಪ್ಪ, ಇನ್ನೊಂಚೂರು ಓದಿದ್ದಿದ್ರೆ ನಾನೂ ಡಾಕ್ಟ್ರಾಗ್ತಿದ್ದೆ. ಅವತ್ತಿಂದ ಆ ಚಾಕು ಶೋಕೇಸಿನಲ್ಲಿ ಗಂಡನ ಮನೆಯೋರ ಫೋಟೋ ಪಕ್ಕ ನಿಂತೈತೆ, ಸೊಪ್ಪು ಸದೆ ನಾನು ನನ್ನ ಈಳಿಗೆ ಮಣೇಲೇ ಹೆಚ್ಚಿಕೊತೀನಿ.

ಇಷ್ಟಕ್ಕೇ ಮುಗಿದಿದ್ರೆ ನಾನು ಈ ಕಥೆ ಹೇಳ್ತಾನೇ ಇರಲಿಲ್ಲ.

ನಮ್ಮೆಜಮಾನ್ರ ಊರು ಆಲೂರು ತಾಲ್ಲೂಕು, ಕುಂದೂರಿನಿಂದ ಇನ್ನೂ ಮೇಲಕ್ಕೆ ಹತ್ತಬೇಕು. ಹತ್ತಾರು ಮನೆ, ಒಂದೊಂದು ಮನೆ ಒಂದೊಂದು ದಿಣ್ಣೆ ಮೇಲೆ, ನಡುವೆ ಕಾಫಿ ತೋಟ. ಅಲ್ಲಿ ಉಗಾದಿ ದಿನ ಒಬ್ಬಟ್ಟು ತಿಂದು ಎಲ್ಲರೂ ದೇವರಂಗೆ ಇರ್ತಾರೆ. ಮಾರನೇ ದಿನ ವರ್ಷತೊಡಕು. ಅವತ್ತು ಬಾಡು ಬೇಯದ ಮನೆ ಮನೆಯೇ ಅಲ್ಲ. ಊರೋರೆಲ್ಲ ಸೇರಿ ಕುರಿ ಮರಿ ತಂದು, ಅರಳಿ ಕಟ್ಟೆ ಹತ್ರ ಕುಯ್ದು, ಬಾಳೆ ಎಲೆ ಹಾಸಿ ಮನೆಗೊಂದು ಗುಡ್ಡೆ ಹಾಕ್ತಾರೆ. ಎಲ್ಲ ಗುಡ್ಡೆಗೂ ಸಮವಾಗಿ ಮೆತ್ತನೇದು, ಲಿವರ್ ಅಂತೀರಲ್ಲ ಆ ಈಲಿ, ಚರ್ಬಿ ಬೀಳಬೇಕು. ಮುಖ್ಯವಾಗಿ ನಲ್ಲಿ ಮೂಳೆ, ಅಂದ್ರೆ ಒಳಗೆ ತುಪ್ಪದಂಥ ರಸ ತುಂಬಿರೋ ಕಾಲಿನ ಮೂಳೆ, ಗುಡ್ಡೆಗೊಂದು ಬೀಳಲೇಬೇಕು. ಅದು ತಪ್ಪಿದ್ರೆ ಮುಂದಿನ ಉಗಾದಿ ತನಕ ಮಾತು ಬಿಡ್ತಾರೆ. ಯಾವ ಗುಡ್ಡೆ ಯಾರಿಗೆ ಅಂತ ತಕರಾರು ಬರಬಾರದು ಅಂತ ಹಿರೀಕರು ಮಹಾದೇವಯ್ಯ ಆ ಕಡೆ ಮುಖ ಮಾಡ್ಕಂಡು ನಿಂತ್ಕತಾರೆ. ಒಬ್ಬರು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಅಂದ್ರೆ ಅವರು ಬಾಯಿಗೆ ಬಂದ ಹೆಸರು ಕೂಗ್ತಾರೆ.

ಕಡಿಯೋ ಕೆಲಸ ಮಾತ್ರ ಯಾವಾಗ್ಲೂ ಗುಂಡಯ್ಯಂದು. ಅವನತ್ರ ಒಂದು ಕರೀ ಮಚ್ಚೈತೆ, ಬಾಳ್ಳುಪೇಟೆ ಗುಜರಿ ಅಂಗಡಿಯಿಂದ ಲಾರಿ ಸ್ಪ್ರಿಂಗ್ ಪ್ಲೇಟ್ ತಂದು ಹೊಡೆಸಿದ್ದು. ನೋಡೋಕೆ ಥೂ ಅನ್ನಂಗೈತೆ. ಒಂದು ತೊಡೆ ಕಡಿಯೋದ್ರೊಳಗೆ ಬಾಯಿ ಮಡಚ್ಕಂತೈತೆ. ಅವನು ಕಲ್ಲಿಗೆ ಪರ್ ಪರ್ ಅಂತ ನಾಕು ಎಳೆತ ಎಳೆದು ಮತ್ತೆ ಕಡೀತಾನೆ. ಒಂದು ವರ್ಷ ನಮ್ಮೆಜಮಾನ್ರು ಅಲ್ಲೇ ನಿಂತು, "ಏನಣ್ಣ, ಕಡಿಯೋದಕ್ಕಿಂತ ಮಸೆಯೋದೇ ಜಾಸ್ತಿಯಾಯ್ತಲ್ಲ" ಅಂತ ಒಂದು ಮಾತು ಬಿಟ್ರು. ಗುಂಡಯ್ಯ ಸುಮ್ನಿರ್ತಾನಾ? "ತಗಡು ಒತ್ತೋರಿಗೆ ಬಾಡು ಕಡಿಯೋ ಸಂಕಟ ಏನ್ ಗೊತ್ತು ಬುಡಪ್ಪ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ಕೊಳ್ಳಿ.

ಆ ನಗು ನಮ್ಮೆಜಮಾನ್ರಿಗೆ ಒಂದು ವರ್ಷ ಪೂರ್ತಿ ಹೊಟ್ಟೆಯೊಳಗೆ ಕೂತಿತ್ತು. ಎರಡು ಸಾವಿರದ ಇಸವಿ ಉಗಾದಿಗೆ ಊರಿಗೆ ಹೊರಟಾಗ ಬ್ಯಾಗಿನಲ್ಲಿ ನನ್ನ ಹೊಸ ಸೀರೆಗೆ ಜಾಗ ಇಲ್ಲ. ಏನಪ್ಪ ಅಂದ್ರೆ, ಮಲ್ಲು ಪಂಚೇಲಿ ಸುತ್ತಿ ಮಗೂನ ಮಲಗಿಸ್ದಂಗೆ ಮಲಗಿಸವ್ರೆ, ಡೀಟೂ ಮಚ್ಚು. ಕನ್ನಡಿ ಹಂಗೆ ಹೊಳೀತಿತ್ತು. ಬೀಟೆ ಮರದ ಹಿಡಿ, ಅದಕ್ಕೆ ಹಿತ್ತಾಳೆ ಮೊಳೆ. ಬಸ್ಸಿನಾಗೆ ಅದನ್ನ ತೊಡೆ ಮೇಲೇ ಇಟ್ಕಂಡಿದ್ರು. ಮದುವೆ ದಿಬ್ಬಣದಾಗೂ ನನ್ನ ಅಷ್ಟು ಜೋಪಾನ ಮಾಡಿರಲಿಲ್ಲ.

ವರ್ಷತೊಡಕಿನ ಬೆಳಗ್ಗೆ ಪಂಚೆ ಬಿಚ್ಚಿ ಮಚ್ಚು ಎತ್ತಿದ್ರು ನೋಡಿ, ಕಟ್ಟೆ ಹತ್ರ ಇದ್ದ ಗಂಡಸರೆಲ್ಲ "ಅಬ್ಬಬ್ಬಾ" ಅಂದ್ಬುಟ್ರು. ಇವರು ಶುರು ಹಚ್ಕಂಡ್ರು ಭಾಷಣ. ಗಟ್ಟಿತನ ಎಷ್ಟು, ಕುಲುಮೆ ಶಾಖ ಎಷ್ಟು, ಅಂಚು ಎಷ್ಟು ಕಾಲ ನಿಲ್ತೈತೆ, ಸವೆತ ಹೆಂಗೆ ತಡೀತೈತೆ. ಮರಿಗಳೂ ತಲೆ ಎತ್ತಿ ಕೇಳುಸ್ಕತಿದ್ವು, ಪಾಪ, ಅವಕ್ಕೆ ಸಂಬಂಧಪಟ್ಟ ವಿಷಯ. ಮುಂಗೈ ಕೂದಲು ಬೋಳಿಸಿ ತೋರಿಸಿದ್ರು. ಮಹಾದೇವಯ್ಯ ಗಡ್ಡಾನೂ ಮಾಡ್ಕಬೌದಾ ಅಂತ ಕೇಳಿದ್ರು. ಗುಂಡಯ್ಯ ಬೀಡಿ ಕಚ್ಚಿ ನೋಡ್ತಾ ಇದ್ದೋನು, "ಮೆತ್ತನೇದೆಲ್ಲ ನೀನೇ ಕುಯ್ಯಪ್ಪ, ಚೆನ್ನಾಗೈತೆ. ಮೂಳೆಗೆ ನಂದು ತಗೊ" ಅಂದ.

"ಲಕ್ಷ ತಟ್ಟೆ ಒತ್ತೋ ಉಕ್ಕು ಕಣಣ್ಣ. ನಿಂದು ನೀನೇ ಇಟ್ಕ" ಅಂದ್ರು ನಮ್ಮೋರು.

ಇದ್ದದ್ದು ಇದ್ದಂಗೆ ಹೇಳ್ತೀನಿ, ಮೆತ್ತನೇ ಬಾಡನ್ನ ಅದು ಬೆಣ್ಣೆ ಕುಯ್ದಂಗೆ ಕುಯ್ತು. ಎರಡು ಮರಿ ಮಾಂಸ ಬಿಡಿಸಿದ್ರೂ ಒಂದ್ಸಲ ಮಸೀಲಿಲ್ಲ. ಇವರ ಎದೆ ಇಷ್ಟಗಲ ಆಯ್ತು. ಆಮೇಲೆ ಕೊರಡಿನ ಮೇಲೆ ಕಾಲು ಇಟ್ಟು ನಲ್ಲಿ ಮೂಳೆ ಕಡಿಯೋಕೆ ಶುರು ಮಾಡಿದ್ರು. ಒಂದಾಯ್ತು, ಎರಡಾಯ್ತು. ನಾನು ಈ ಕಡೆ ಹೆಂಗಸರ ಜೊತೆ ಎಲೆ ಒರೆಸ್ತಾ ಕೂತಿದ್ದೆ. ಇದ್ದಕ್ಕಿದ್ದಂಗೆ ಇವರು ಮಚ್ಚನ್ನ ಪಂಚೇಲಿ ಸುತ್ತಿ ಪಕ್ಕಕ್ಕಿಟ್ಟು, "ಗುಂಡಯ್ಯಣ್ಣ, ನಿಂದೇ ಕೊಡು. ಈ ಬಡಪಾಯಿ ಮರಿಗೆ ಡೀಟೂ ದಂಡ" ಅಂದ್ರು. ದೊಡ್ಡ ಮನಸ್ಸು ಮಾಡಿದ್ರಲ್ಲ ಅಂತ ಎಲ್ಲರೂ ಮೆಚ್ಕಂಡ್ರು. ನಂಗೆ ಮಾತ್ರ ಅನುಮಾನ ಬಂತು. ದೊಡ್ಡ ಮನಸ್ಸು ಅನ್ನೋದು ಈಯಪ್ಪಂಗೆ ಹಂಗೆಲ್ಲ ಬರೋ ಕಾಯಿಲೆ ಅಲ್ಲ.

ಗುಡ್ಡೆ ಬಿತ್ತು, ಮಹಾದೇವಯ್ಯ ಹೆಸರು ಕೂಗಿದ್ರು, ಎಲ್ಲರೂ ಅವರವರ ಪಾಲು ಕಟ್ಕಂಡು ಹೊರಟ್ರು. ನಮ್ಮನೆಗೆ ಬಂದು ನಾನು ತೊಳೆಯೋಕೆ ಅಂತ ಪಂಚೆ ಬಿಚ್ಚಿದೆ. ಮಚ್ಚಿನ ಅಂಚಿನಾಗೆ ಇಲಿ ಕಡಿದಂಗೆ ಒಂದು ಕಚ್ಚು. ಅಕ್ಕಿಕಾಳಿನಷ್ಟು ಚಕ್ಕೆ ಎದ್ದು ಹೋಗಿತ್ತು.

"ಇದೇನ್ರೀ?"

"ಅದು ಮೊದ್ಲೇ ಹಂಗಿತ್ತು."

"ಬೆಳಗ್ಗೆ ಊರೋರಿಗೆಲ್ಲ ಮುಟ್ಟಿ ಮುಟ್ಟಿ ತೋರ್ಸುದ್ರಲ್ಲ, ಆಗ ಎಲ್ಲೋಗಿತ್ತು ಈ ಕಚ್ಚು? ಚಕ್ಕೆ ಎಲ್ರೀ?"

ಪಂಚೇನ ಕೊಡವಿ ಕೊಡವಿ ನೋಡಿದ್ರು, ಅದ್ರಲ್ಲಿಲ್ಲ. ಗಾಜಿನಂಥ ಉಕ್ಕಿನ ಚೂರು, ಯಾರ ಮನೆ ಗುಡ್ಡೇಲಿ ಐತೋ ದೇವರೇ ಬಲ್ಲ. ಅದೂ ಮುರಿದಿದ್ದು ನಲ್ಲಿ ಮೂಳೆ ಮೇಲೆ. ನಲ್ಲಿ ಮೂಳೆ ತಿನ್ನೋದು ಹೆಂಗೆ ಹೇಳಿ? ಬಾಯಿಗಿಟ್ಟು ಸೊರ್ ಅಂತ ಒಂದೇ ಉಸಿರಿಗೆ ಚೀಪೋದು. ಅದನ್ನ ಕೊಡೋದು ಮಕ್ಕಳಿಗೆ. ಚೂರು ಸೀದಾ ಗಂಟಲಿಗೆ.

"ಈಗ್ಲೇ ಹೋಗಿ ಎಲ್ಲರ ಮನೇಲೂ ಹೇಳಿ" ಅಂದೆ.

"ಹೆಂಗೆ ಹೇಳ್ಲೇ? ಗುಂಡಯ್ಯ ಸಾಯೋ ತನಕ ನಗ್ತಾನೆ."

"ಮಕ್ಕಳು ಸತ್ತರೂ ಪರವಾಗಿಲ್ಲ, ಗುಂಡಯ್ಯ ನಗಬಾರದು, ಅಲ್ವಾ? ನೀವು ಹೇಳ್ತೀರೋ, ನಾನು ಕಟ್ಟೆ ಮೇಲೆ ನಿಂತು ಕೂಗ್ಲೋ?"

"ಅಯ್ಯೋ ನಿನ್ನ ದಮ್ಮಯ್ಯ, ಕೂಗಬ್ಯಾಡ. ಎಲ್ಲ ನಲ್ಲಿ ಮೂಳೆನೂ ವಾಪಸ್ ಇಸ್ಕಂಡು ಬರ್ತೀನಿ, ಆಯ್ತಾ? ಚೂರು ಇರೋದು ಅದ್ರಲ್ಲೇ."

"ಏನಂತ ಇಸ್ಕತೀರಿ?"

ಕೂತಲ್ಲೇ ಮಂಡಿ ನೀವ್ಕಂಡ್ರು. "ಮಂಡಿ ನೋವು ಅಂತೀನಿ. ನಲ್ಲಿ ಮೂಳೆ ರಸ ಕುಡೀಬೇಕು ಅಂತ ಡಾಕ್ಟ್ರು ಹೇಳವ್ರೆ ಅಂತೀನಿ."

ವರ್ಷತೊಡಕಿನ ದಿನ ಊರೋರ ಪಾತ್ರೆಯಿಂದ ನಲ್ಲಿ ಮೂಳೆ ಕೇಳಿ ಇಸ್ಕಳೋ ಗಂಡಸು ಈ ಸೀಮೇಲಿ ಹುಟ್ಟಿರಲಿಲ್ಲ. ಹುಟ್ಟಿದ್ದು ನನ್ನ ಗಂಡನೇ. "ಒಂದು ಮನೆ ತಪ್ಪಿದ್ರೂ ನಾನು ಬಾಯಿ ಬಿಡ್ತೀನಿ" ಅಂತ ಹೇಳಿ ಸ್ಟೀಲ್ ಬಕೆಟ್ ಹಿಡ್ಕಂಡು ಹಿಂದೆ ಹೊರಟೆ.

ನೋಡಬೇಕಿತ್ತು ಆ ನಾಟಕಾನ! ಪಕ್ಕದ ದಿಣ್ಣೆ ಸರೋಜಮ್ಮನ ಮನೇಲಿ ಎಡಗಾಲು ಎಳೀತಾ ಹೋದ್ರು, ಮಹಾದೇವಯ್ಯನ ಮನೇಲಿ ಬಲಗಾಲು. "ಯಾವ ಕಾಲ್ರೀ ನೋವು? ಒಂದು ತೀರ್ಮಾನ ಮಾಡ್ಕಳಿ" ಅಂತ ನಾನು ದಾರೀಲಿ ಹೇಳಿದ ಮೇಲೆ ಎರಡೂ ಕಾಲು ಎಳೆಯೋಕೆ ಶುರು ಮಾಡಿದ್ರು. ಸರೋಜಮ್ಮ ಒಗ್ಗರಣೆಗೆ ಈರುಳ್ಳಿ ಹಾಕ್ತಾ ಇದ್ದೋರು ಸೌಟು ಹಿಡ್ಕಂಡೇ ನಿಂತ್ಬುಟ್ರು. "ಹಾಸನದಾಗೆ ಬಾಡಿನ ಅಂಗಡಿ ಮುಚ್ಚೋಯ್ತಾ ಹೇಮಾ?" ಅಂತ ನನ್ನನ್ನ ಕೇಳಿದ್ರು. ನಾನು ಬಕೆಟ್ ನೋಡ್ಕಂಡು ನಿಂತೆ. ಮಹಾದೇವಯ್ಯ ಮೂಳೆ ಕೊಟ್ಟಿದ್ದಲ್ಲದೆ ಮಂಡಿಗೆ ಹಚ್ಚೋ ಎಣ್ಣೆನೂ ಕೊಟ್ರು, ಪಂಚೆ ಎತ್ತಿಸಿ ತಾವೇ ತಿಕ್ಕಿದ್ರು. ಇನ್ನೊಂದು ಮನೇಲಿ ಬೇಯ್ತಾ ಇದ್ದ ಪಾತ್ರೆಯಿಂದ ಎತ್ತಿ ಕೊಡುವಾಗ, "ತಗಳಪ್ಪ, ನಮ್ ಹುಡುಗರು ಮುಂದಿನ ವರ್ಷ ತಿಂತಾವೆ" ಅಂದ್ರು. ಗುಂಡಯ್ಯ ಮೂಳೆ ತಂದು ಬಕೆಟ್ಟಿಗೆ ಹಾಕಿ, ನಮ್ಮೋರ ಮುಖ ನೋಡಿ, "ಮಚ್ಚು ಚೆನ್ನಾಗೈತಾ?" ಅಂತ ಮಾತ್ರ ಕೇಳ್ದ.

"ಫಸ್ಟ್ ಕ್ಲಾಸಾಗೈತೆ" ಅಂದ್ರು ನಮ್ಮೋರು.

ಊರಿಗೆಲ್ಲ ಹೊಟ್ಟೆಬಾಕ ಅನ್ನಿಸ್ಕಂಡ್ರೂ ಸರಿ, ಡೀಟೂ ಮಾನ ಹೋಗಬಾರದು. ನಂಗೆ ನಗು ಬರ್ತಿತ್ತು, ಮೈ ಉರೀತಾನೂ ಇತ್ತು. ಹಳ್ಳದ ಹತ್ರ ಕೂತು ಒಂದೊಂದೇ ಮೂಳೆ ತೊಳೆದು, ತೂತಿನೊಳಗೆ ಪಿನ್ನು ಹಾಕಿ ಕೆದಕಿ ನೋಡಿದ್ವಿ. ಎಲ್ಲೂ ಇಲ್ಲ.

"ಇನ್ನು ಯಾರ ಮನೆ ಉಳೀತು?" ಅಂದೆ.

ಇವರ ಮುಖ ಸಪ್ಪಗಾಯ್ತು. "ಕೆಂಚಮ್ಮ ದೊಡ್ಡವ್ವಂದು" ಅಂದ್ರು.

ಕೆಂಚಮ್ಮ ನಮ್ಮತ್ತೆ ಚೆಲುವಮ್ಮಂಗೆ ಒಡಹುಟ್ಟಿದೋರಂಗೆ. ನಮ್ಮತ್ತೆಗೆ ಬಾಣಂತಿ ಸನ್ನಿ ಆದಾಗ ಇವರನ್ನ ಎತ್ತಿ ಹಾಲು ಕುಡಿಸಿದ್ದು ಆಯಮ್ಮನೇ. ಈಗ ಗದ್ದೆ ಬಯಲಿನ ಆಚೆ, ಎಸ್ಟೇಟ್ ಕೂಲಿಯೋರ ಲೈನ್ ಮನೆಗಳ ಪಕ್ಕದಾಗೆ, ಮೊಮ್ಮಗಳು ಬಿಂದುಶ್ರೀನ ಸಾಕ್ಕಂಡು ಅವಳೆ. ಮಗೂಗೆ ನಾಕೋ ಐದೋ ವರ್ಷ. ಅಲ್ಲಿಗೆ ಹೋಗೋದು ದೂರ ಅಂತ ಕೊನೆಗೆ ಬಿಟ್ಟಿದ್ವಿ. ಹೊತ್ತು ನೋಡಿದ್ರೆ ಆಗ್ಲೇ ಊಟದ ಹೊತ್ತು. ಎಲ್ಲ ಮನೆಯಿಂದಲೂ ಸಾರಿನ ಘಮ ಬರ್ತಿತ್ತು.

ಅಲ್ಲಿ ತನಕ ಕಾಲು ಎಳೀತಿದ್ದೋರು ಓಡಿದ್ರು ನೋಡಿ. ಪಂಚೆ ಎತ್ತಿ ಕಟ್ಟಿ, ಗದ್ದೆ ಬದುವಿನ ಮೇಲೆ ಬಿದ್ದು ಎದ್ದು ಓಡಿದ್ರು. ಬಕೆಟ್ ಅಲ್ಲೇ ಬಿಸಾಕಿ ನಾನೂ ಹಿಂದೆ ಓಡಿದೆ. ಬಾಯಾಗೆ ಮಂಜುನಾಥಸ್ವಾಮಿ ಹೆಸರು ಬಿಟ್ರೆ ಬೇರೆ ಇಲ್ಲ. ಜಗಲಿ ಮೇಲೆ ಮಗು ಕೂತಿತ್ತು. ಮೂತಿಗೆಲ್ಲ ಸಾರು ಬಳ್ಕಂಡು, ಎರಡೂ ಕೈಲಿ ನಲ್ಲಿ ಮೂಳೆ ಹಿಡಿದು ಬಾಯಿಗಿಟ್ಟಿತ್ತು.

ಇವರು ಒಂದೇ ನೆಗೆತಕ್ಕೆ ಜಗಲಿ ಹತ್ತಿ ಮೂಳೆ ಕಿತ್ಕಂಡ್ರು. ಮಗು ಕಿಟಾರನೆ ಕಿರುಚ್ತು. ಪಕ್ಕದ ಲೈನ್ ಮನೆಯೋರೆಲ್ಲ ಬಾಗಿಲಿಗೆ ಬಂದು ನಿಂತ್ರು. ನೋಡಿದ್ರೆ ಏನು? ಇಷ್ಟೆತ್ತರದ ಗಂಡಸು, ಕೆಸರು ಮೆತ್ತಿದ ಪಂಚೇಲಿ, ಅಳೋ ಮಗೂ ಎದುರಿಗೆ ಎಂಜಲು ಮೂಳೆ ಎತ್ತಿ ಹಿಡ್ಕಂಡು ನಿಂತವ್ರೆ.

ಒಳಗಿಂದ ಕೆಂಚಮ್ಮ ಬಂದಳು. ಬೈತಾಳೆ ಅನ್ಕಂಡೆ. ಬೈಲಿಲ್ಲ.

"ಯಾಕ್ ಮಗಾ ದೇವ, ಕಾಲು ನೋವು ಅಷ್ಟಾಗೈತಾ? ಸರೋಜಮ್ಮನ ಮನೆ ಹುಡುಗಿ ಹೇಳೋಯ್ತು, ನಲ್ಲಿ ಕೇಳ್ತವ್ನೆ ಅಂತ. ನಿಂಗೇ ಅಂತ ನಾನು ಒಂದು ಎತ್ತಿಟ್ಟಿವ್ನಿ. ಮಿಕ್ಕಿದ್ದೊಂದು ಸೇರಿ ನಂಗೆ ಎರಡು ಬಿದ್ದಿತ್ತು. ಅದು ಮಗೀದು, ಕೊಟ್ಬುಡು. ಬಾ, ಒಳಗೆ ಕೂತ್ಕ."

ಇವರು ಕೊಡಲಿಲ್ಲ. ಮೂಳೇನ ಬೆನ್ನ ಹಿಂದಕ್ಕೆ ಇಟ್ಕಂಡ್ರು. ಕೆಂಚಮ್ಮ ಒಳಗೋಗಿ ತಟ್ಟೆ ತಂದಳು. ಮುದ್ದೆ, ಸಾರು, ಅದರ ಮಧ್ಯ ಆ ಇನ್ನೊಂದು ನಲ್ಲಿ ಮೂಳೆ. ಅವಳ ಪಾಲಿನ ಬಾಡೆಲ್ಲ ಆ ತಟ್ಟೇಲೇ ಇದ್ದಂಗಿತ್ತು. ಜಗಲಿ ಮೇಲೆ ಇಟ್ಟು, ಸೆರಗಿನಾಗೆ ಇವರ ಮುಖದ ಕೆಸರು ಒರೆಸಿದಳು. "ಅಷ್ಟೊಂದು ನೋವಿಟ್ಕಂಡು ಬೆಳಗಿಂದ ಊರಿಗೆಲ್ಲ ಕಡಿದು ಕೊಟ್ಟಲ್ಲೋ" ಅಂದಳು.

ಆಗ ನಮ್ಮೆಜಮಾನ್ರು ಅತ್ತರು ಕಣ್ರೀ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕಂಡಿದ್ದಿಲ್ಲ.

"ಕಾಲು ನೋವಿಲ್ಲ ದೊಡ್ಡವ್ವ. ಮಚ್ಚು ಚಕ್ಕೆ ಎದ್ಬುಡ್ತು. ಚೂರು ಬಾಡಿನಾಗೆ ಸೇರ್ಕಂಡೈತೆ. ಹೇಳೋಕೆ ನಾಚಿಕೆಯಾಗಿ ಮುಚ್ಚಿಟ್ಟೆ. ಮಗಾ ನುಂಗ್ಬುಡ್ತೇನೋ..."

ಲೈನ್ ಮನೆಯೋರು ಗುಸುಗುಸು ಅಂದ್ರು. ಕೆಂಚಮ್ಮ ಮಾತ್ರ, "ಓ, ಅದಾ?" ಅಂದಳು. ಒಳಗೋಗಿ ದೀಪದ ಗೂಡಿನಿಂದ ಒಂದು ಬೆಂಕಿಪೊಟ್ಟಣ ತಂದು ತೆಗೆದು ತೋರಿಸಿದಳು. ಕಡ್ಡಿಗಳ ಮಧ್ಯೆ ಪಳಪಳ ಅಂತ ಡೀಟೂ ಚೂರು.

"ಕಟ್ಟೆ ಹತ್ರ ಪಾಲು ಕಟ್ಕಳೋವಾಗ್ಲೇ ಬೆರಳಿಗೆ ಚುಚ್ತು. ನಿಂದೇ ಅಂತ ಗೊತ್ತಾಯ್ತು, ಇಷ್ಟು ಹೊಳೆಯೋದು ಇನ್ಯಾರ್ದೈತೆ ಈ ಊರಾಗೆ?"

"ಅಲ್ಲೇ ಹೇಳಬಾರದಾಗಿತ್ತಾ ದೊಡ್ಡವ್ವ?" ಅಂದೆ ನಾನು.

"ಹೆಂಗೆ ಹೇಳ್ಲವ್ವ? ಹಬ್ಬದ ದಿನ, ಅಷ್ಟು ಜನದ ಮುಂದೆ. ಗುಂಡಯ್ಯ ಬೇರೆ ಅಲ್ಲೇ ಇದ್ದ. ಅಷ್ಟು ಆಸೆಯಿಂದ ಮಾಡ್ಕಂಬಂದವ್ನೆ, ಅವನ ಮಾನ ತೆಗೆಯೋದಾ ಅಂತ ಸುಮ್ಕಾದೆ. ಇನ್ಯಾವ ಚೂರೂ ಇಲ್ಲ ಅಂತ ಏಳು ನೀರು ತೊಳೆದು ನೋಡ್ಬುಟ್ಟೇ ಮಗೀಗೆ ಕೊಟ್ಟಿದ್ದು." ಬೆಂಕಿಪೊಟ್ಟಣ ಇವರ ಕಡೆ ಚಾಚಿದಳು. "ಕಾರ್ಖಾನೆ ಸಾಮಾನು, ಬಿಸಾಕೋಕೆ ಮನಸ್ಸಾಗಲಿಲ್ಲ. ತಗಂಡೋಗು ಮಗಾ, ಬೆಸುಗೆ ಹಾಕ್ಸುದ್ರೆ ಕೂತ್ಕತೈತೇನೋ."

ಇವರು ಮೊದಲು ಮೂಳೇನ ಮಗೂ ಕೈಗೆ ಕೊಟ್ಟರು. ಆಮೇಲೆ ಬೆಂಕಿಪೊಟ್ಟಣ ಇಸ್ಕಂಡು, ಚೂರನ್ನ ಅಂಗೈ ಮೇಲೆ ಹಾಕ್ಕಂಡು ನೋಡ್ತಾ ಕೂತ್ರು.

"ಇಲ್ಲ ದೊಡ್ಡವ್ವ. ಇದು ಬೆಸುಗೆಗೆ ಬರೋ ಉಕ್ಕಲ್ಲ" ಅಂದ್ರು.

ಡೀಟೂ ಬಗ್ಗೆ ಒಂದು ದೂರು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಸುಮ್ನಾಗ್ತಾರೆ ಅನ್ಕಂಡ್ರೆ ತಲೆ ತಗ್ಗಿಸ್ಕಂಡು ಇನ್ನೂ ಒಂದು ಮಾತು ಹೇಳಿದ್ರು.

"ಇದು ಪೆಡಸು, ಮೂಳೆಗೆ ಆಗಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು ದೊಡ್ಡವ್ವ."

ಕೆಂಚಮ್ಮ ಅವರ ಮುಖ ನೋಡಿದಳು. ಮಗೂನ ಎತ್ತಿ ತನ್ನ ತೊಡೆ ಮೇಲೆ ಕೂರಿಸ್ಕಂಡು, ಅದರ ಮೂತಿ ಒರೆಸಿದಳು. ತಟ್ಟೇನ ಇವರ ಹತ್ರಕ್ಕೆ ತಳ್ಳಿದಳು.

"ಉಣ್ಣು, ಮುದ್ದೆ ಆರ್ತೈತೆ" ಅಂದಳು.